ಅಂಗಳದಲ್ಲಿ ಕಾಳಿಂಗ, ತಿರುವಿನಲ್ಲಿ ಕಾಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಆಗುಂಬೆ ಹತ್ತಿರ ನಮ್ಮ ಮನೆ. ಕೊಟ್ಟಿಗೆ ಹಿಂದಿನ ಕಟ್ಟಿಗೆ ರಾಶಿಯ ಸುತ್ತ ಎರಡು ದಿನದಿಂದ ಕಾಳಿಂಗ ಸರ್ಪ ಓಡಾಡುತ್ತಿದೆ. ಹಿಡಿಸಿ ದೂರದ ಕಾಡಿಗೆ ಬಿಡಿಸಬಹುದೇ?

ಉತ್ತರ: ಹೊರಗಿದ್ದರೆ ಬೇಡ. ಕಟ್ಟಿಗೆಯಲ್ಲಿ ಇಲಿ, ಇಲಿಯ ಹಿಂದೆ ಕೇರೆಹಾವು, ಕೇರೆಯ ಹಿಂದೆ ಕಾಳಿಂಗ. ಬೇರೆ ಹಾವುಗಳೇ ಅದರ ಮುಖ್ಯ ಆಹಾರ. ಊಟ ಮುಗಿದರೆ ತಾನೇ ಹೋಗುತ್ತದೆ. ಗುರುತಿಲ್ಲದ ಕಾಡಿಗೆ ಬಿಟ್ಟ ಹಾವು ನೆಲೆ ಕಾಣದೆ ಅಲೆದು ಇನ್ಯಾರದೋ ಅಂಗಳ ಸೇರಬಹುದು. ನಾಯಿಯನ್ನು ಕಟ್ಟಿಹಾಕಿ, ಮಕ್ಕಳನ್ನು ಆ ಕಡೆ ಬಿಡಬೇಡಿ, 20 ಅಡಿ ದೂರ ಇರಿ. ತರಗೆಲೆ ಗುಡ್ಡೆಯ ಮೇಲೆ ಹಾವು ಸುತ್ತಿ ಕೂತಿದ್ದರೆ ಅದು ಮೊಟ್ಟೆ ಕಾಯುವ ಹೆಣ್ಣಿರಬಹುದು, ಅತ್ತ ಸುಳಿಯಲೇಬೇಡಿ.

ಮನೆಯೊಳಗೆ ನುಗ್ಗಿದರೆ ಒಳಬಾಗಿಲು ಮುಚ್ಚಿ, ಹೊರಬಾಗಿಲು ತೆರೆದಿಟ್ಟು, ಅದರ ದಾರಿ ಬಿಟ್ಟು ನಿಲ್ಲಿ. ಒಬ್ಬರು ದೂರದಿಂದ ಕಣ್ಣಿಟ್ಟಿರಲಿ, ಇನ್ನೊಬ್ಬರು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಲಿ. ಫಿನೈಲ್, ಸೀಮೆಎಣ್ಣೆ ಎರಚಿದರೆ ಹಾವು ಗಾಬರಿಯಾಗಿ ಇನ್ನೂ ಒಳಕ್ಕೆ ಹೋಗುತ್ತದೆ, ಅಷ್ಟೇ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಭಾಗ ಅಲುಗದಂತೆ ಮಾಡಿ, ನಡೆಸದೆ ಹೊತ್ತೊಯ್ಯಿರಿ, 108ಕ್ಕೆ ಹೇಳಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಕ್ಕೆ ಮಾಡಿದ್ದು; ಕಾಳಿಂಗಕ್ಕಲ್ಲ. ಹಾಗಾಗಿ ಉಸಿರಾಟಕ್ಕೆ ನೆರವಾಗುವ ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಬೇಕು.

ಪ್ರಶ್ನೆ: ರಾತ್ರಿ ತೀರ್ಥಹಳ್ಳಿಯಿಂದ ಬರುವಾಗ ರಸ್ತೆಯಲ್ಲಿ ಕಾಟಿಗಳು (ಕಾಡುಕೋಣಗಳು) ನಿಂತಿರುತ್ತವೆ. ಹಾರ್ನ್ ಹೊಡೆದರೆ ಹೋಗುತ್ತವೆಯೇ?

ಉತ್ತರ: ಹೋಗಬಹುದು, ನಿಮ್ಮ ಕಡೆಗೂ ಬರಬಹುದು. ಹಾರ್ನ್‌ಗಿಂತ ವೇಗದ ಲೆಕ್ಕ ಮುಖ್ಯ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಂಡು ಬ್ರೇಕ್ ಒತ್ತುವಷ್ಟರಲ್ಲೇ 25 ಮೀಟರ್ ಮುಗಿದಿರುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲಲು ಮತ್ತೆ ಅಷ್ಟೇ ಬೇಕು. ಡಿಮ್ ಲೈಟಿನಲ್ಲಿ ಚೆನ್ನಾಗಿ ಕಾಣುವುದು 40 ಮೀಟರ್ ಆಸುಪಾಸು. 40 ಕಿ.ಮೀ.ಗೆ ಇಳಿಸಿದರೆ 30 ಮೀಟರ್‌ನಲ್ಲಿ ನಿಲ್ಲುತ್ತೀರಿ. ಮಂಜಿದ್ದರೆ ಇನ್ನೂ ನಿಧಾನ.

ಕಪ್ಪು ಮೈ ಬೆಳಕನ್ನು ನುಂಗುತ್ತದೆ. ಮುಖ ಆಚೆ ತಿರುಗಿದ್ದರೆ ಕಣ್ಣೂ ಹೊಳೆಯದು. ಮೊಣಕಾಲಿನ ಕೆಳಗಿನ ಬಿಳಿ ಬಣ್ಣ ಹುಡುಕಿ. ದೊಡ್ಡ ಗಂಡು ಸಾವಿರ ಕೆ.ಜಿ.ಯವರೆಗೂ ತೂಗುತ್ತದೆ. ಕಾರು ಕಾಲಿಗೆ ಬಡಿದರೆ ಆ ಭಾರವೆಲ್ಲ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಒಂದು ದಾಟಿತೆಂದು ತಕ್ಷಣ ಹೊರಡಬೇಡಿ, ಹಿಂದೆ ಹಿಂಡಿರುತ್ತದೆ. ನಿಂತೇ ಇದ್ದರೆ 30 ಮೀಟರ್ ಹಿಂದೆ ನಿಲ್ಲಿಸಿ, ಡಿಮ್ ಮಾಡಿ, ಎಂಜಿನ್ ಆನ್ ಇರಲಿ. ಒಂಟಿ ಗಂಡು ಮೈ ಅಡ್ಡ ತಿರುಗಿಸಿ ನಿಂತು ಬುಸುಗುಟ್ಟಿದರೆ ಅದು ಎಚ್ಚರಿಕೆ. ಬೈಕಿನವರು ಪಕ್ಕದಲ್ಲಿ ನುಸುಳುವ ಧೈರ್ಯ ಮಾಡದೆ ಹಿಂದೆ ಸರಿಯುವುದೇ ಸರಿ. ಅಮ್ಮ-ಕರುವಿನ ನಡುವೆ ಗಾಡಿ ನುಗ್ಗಿಸಲೇಬಾರದು.

ಪ್ರಶ್ನೆ: ಮುಳ್ಳುಹಂದಿ ಮುಳ್ಳನ್ನು ಬಾಣದಂತೆ ಎಸೆಯುತ್ತದೆಯೇ?

ಉತ್ತರ: ಇಲ್ಲ. ಹಿಮ್ಮುಖವಾಗಿ ಓಡಿಬಂದು ಚುಚ್ಚುತ್ತದೆ, ಸಡಿಲವಾದ ಮುಳ್ಳು ಕಳಚಿ ಉಳಿಯುತ್ತದೆ.

ಪ್ರಶ್ನೆ: ತೋಟದಂಚಿನಲ್ಲಿ ಮಂಗ ಸತ್ತು ಬಿದ್ದಿದೆ. ಹೂಳಿಬಿಡಲೇ?

ಉತ್ತರ: ಮುಟ್ಟಲೇಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ರಕ್ತ ಹೀರುವ ಉಣ್ಣೆ ಹುಳುಗಳಿಂದ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣ್ಣೆಗಳು ಉದುರಿ ಸುತ್ತಲಿನ ತರಗೆಲೆ ಸೇರುತ್ತವೆ. ಮುಸ್ಯ (ಕಪ್ಪು ಮುಖದ ಮಂಗ) ಸತ್ತರೂ ಇದೇ ಎಚ್ಚರ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪಂಚಾಯಿತಿಗೂ ತಿಳಿಸಿ. ಸುತ್ತ ಕೀಟನಾಶಕ ಪುಡಿ ಹಾಕುತ್ತಾರೆ. ಅಲ್ಲಿಯವರೆಗೆ ದರಗು (ತರಗೆಲೆ) ಗುಡಿಸುವುದು, ದನ ಮೇಯಿಸುವುದು ನಿಲ್ಲಲಿ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವವರು ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣ್ಣೆಗಳನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಂಡು, ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಹತ್ತು ದಿನದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಮಂಗ ಸತ್ತ ಸಂಗತಿಯನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.