ಎಫೆಕ್ಟ್ ಇರೋ ಅಕೂಸ್ಟಿಕ್ ತಗೊಳ್ಳೋ ಮುಂಚೆ ಎಫೆಕ್ಟ್ ಆಫ್ ಮಾಡಿ ನುಡಿಸಿ

ಬಾಡಿ ಒಳಗೇ ಎಫೆಕ್ಟ್ ಚಿಪ್ ಇರೋ ಎರಡು ಅಕೂಸ್ಟಿಕ್ ಗಿಟಾರ್ ಪಕ್ಕಪಕ್ಕ ಇಟ್ಕೊಂಡು, ಎರಡರಲ್ಲೂ ರಿವರ್ಬ್ (ದೊಡ್ಡ ಹಾಲಲ್ಲಿ ನುಡಿಸಿದ ಹಾಗೆ ಕೇಳಿಸೋ ಎಫೆಕ್ಟ್) ಪೂರ್ತಿ ತಿರುಗಿಸಿ, ಮೇಲೆ ಕೋರಸ್ಸನ್ನೂ ಹಾಕಿ ನುಡಿಸಿದ್ದೀರಿ. ಆಮೇಲೆ "ಎರಡನೇದು ತುಂಬಾ ರಿಚ್ ಆಗಿದೆ, ಲೂಪರ್ ಬೇರೆ ಇದೆ, ಬುಕ್ ಮಾಡ್ಲಾ?" ಅಂತ ಕೇಳಿದ್ದೀರಿ (ಲೂಪರ್ ಅಂದ್ರೆ ನುಡಿಸಿದ್ದನ್ನ ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸೋದು). ಯಾವ ಬ್ರಾಂಡ್ ಅಂತಲೂ ಕೇಳಿದ್ದೀರಿ, ಬ್ಲೂಟೂತ್ ಇದೆ, ಸ್ಟೇಜಲ್ಲಿ ನುಡಿಸೋ ಆಸೆ ಇದೆ ಅಂತಲೂ ಬರೆದಿದ್ದೀರಿ. ಸ್ವಲ್ಪ ತಡೀರಿ. ಈ ಗುಂಪಲ್ಲಿ ಇದೇ ತಪ್ಪು ಮತ್ತೆ ಮತ್ತೆ ಆಗ್ತಿದೆ. ಎಫೆಕ್ಟ್ ಹಾಕಿ ಹೋಲಿಸಿದ್ರೆ ನಿಮ್ಮ ಕಿವಿಗೆ ಬಿದ್ದಿದ್ದು ಎರಡು ಚಿಪ್‌ಗಳ ವ್ಯತ್ಯಾಸ. ಗಿಟಾರ್ ಹೇಗಿದೆ ಅಂತ ಇನ್ನೂ ಗೊತ್ತೇ ಆಗಿಲ್ಲ.

ಮೊದಲು ಎಲ್ಲಾ ಆಫ್ ಮಾಡಿ. ಕನಿಷ್ಠ ಹತ್ತು ನಿಮಿಷ ಡ್ರೈ ಆಗಿ ನುಡಿಸಿ. ಕಾರಣ ಇದೆ. ಕೋರಸ್ ಅಂದ್ರೆ ನಿಮ್ಮದೇ ಸ್ವರದ ಇನ್ನೊಂದು ಕಾಪಿಯನ್ನ ಸ್ವಲ್ಪ ತಡವಾಗಿ, ಪಿಚ್ ಮೇಲೆ ಕೆಳಗೆ ಅಲ್ಲಾಡಿಸಿ ಸೇರಿಸೋದು. ಇಂಟೊನೇಷನ್ ಸರಿ ಇಲ್ಲದ, ಅಂದ್ರೆ ಕೆಲವು ಫ್ರೆಟ್ಟಲ್ಲಿ ಸ್ವರ ತಪ್ಪೋ ಗಿಟಾರಲ್ಲೂ ಸ್ವರಗಳು ಒಂದಕ್ಕೊಂದು ಪೂರ್ತಿ ಹೊಂದದೆ ಕಾರ್ಡ್ ಅಲ್ಲಾಡಿದ ಹಾಗೆ ಕೇಳತ್ತೆ, ಹಾಗಾಗಿ ದೋಷ ಯಾವುದು, ಎಫೆಕ್ಟ್ ಯಾವುದು ಅಂತ ಕಿವಿಗೆ ಗೊತ್ತಾಗಲ್ಲ. ರಿವರ್ಬ್ ಮುಚ್ಚಿಡೋದು ಸಸ್ಟೇನನ್ನ. ಎರಡು ಸೆಕೆಂಡಲ್ಲಿ ಸಾಯೋ ಸ್ವರಕ್ಕೂ ಉದ್ದ ಬಾಲ ಬಂದುಬಿಡತ್ತೆ. ಫ್ರೆಟ್ ಬಝ್ (ಸ್ಟ್ರಿಂಗ್ ಫ್ರೆಟ್ಟಿಗೆ ತಾಗಿ ಬರೋ ಸದ್ದು) ಕೂಡ ಆ ಬಾಲದಲ್ಲೇ ಕರಗಿ ಹೋಗತ್ತೆ. ಬಿರುಕು ಬಿಟ್ಟ ಗೋಡೆಗೆ ಬಣ್ಣ ಬಳಿದ ಹಾಗೆ ಅಷ್ಟೆ.

ಡ್ರೈ ಟೆಸ್ಟ್ ಹೀಗೆ ಮಾಡಿ. ಟ್ಯೂನರ್ ಕ್ಲಿಪ್ ಹಾಕಿ ಆರೂ ಸ್ಟ್ರಿಂಗ್ ಟ್ಯೂನ್ ಮಾಡ್ಕೊಳ್ಳಿ. 12ನೇ ಫ್ರೆಟ್ ಮೇಲೆ ಹಾರ್ಮೋನಿಕ್ ನುಡಿಸಿ (ಸ್ಟ್ರಿಂಗ್ ಒತ್ತದೆ ಬರೀ ಬೆರಳು ತಾಗಿಸಿ), ಅದೇ ಫ್ರೆಟ್ ಒತ್ತಿ ಸ್ವರ ನುಡಿಸಿ, ಎರಡೂ ಟ್ಯೂನರಲ್ಲಿ ಒಂದೇ ಜಾಗದಲ್ಲಿ ನಿಲ್ಲಬೇಕು. ಮೂರ್ನಾಲ್ಕು ಸೆಂಟ್ (ಒಂದು ಫ್ರೆಟ್ಟಿನ ಅಂತರದ ನೂರನೇ ಒಂದು ಭಾಗ ಒಂದು ಸೆಂಟ್) ಆಚೀಚೆ ಆದ್ರೆ ಪರವಾಗಿಲ್ಲ, ಹತ್ತು ಸೆಂಟ್ ಶಾರ್ಪ್ ಬಂದ್ರೆ ಬೇಡ. ಒತ್ತೋವಾಗ ಬೆರಳನ್ನ ಜಾಸ್ತಿ ಅದುಮಬೇಡಿ, ಅದುಮಿದ್ರೇ ಶಾರ್ಪ್ ಆಗತ್ತೆ. ಆಮೇಲೆ ಮೊದಲ ಸ್ಟ್ರಿಂಗಲ್ಲಿ 1ನೇ ಫ್ರೆಟ್ಟಿಂದ 14ರವರೆಗೂ ಒಂದೊಂದೇ ಸ್ವರ ಬಲವಾಗಿ ನುಡಿಸಿ ಬನ್ನಿ, ಆಮೇಲೆ ಎರಡನೇದರಲ್ಲಿ. ಒಂದು ಫ್ರೆಟ್ಟಲ್ಲಿ ಮಾತ್ರ ಸ್ವರ "ಟಕ್" ಅಂತ ಬೇಗ ಸತ್ರೆ, ಅದು ಡೆಡ್ ಸ್ಪಾಟು (ಗಿಟಾರಿನ ಮರವೇ ಆ ಸ್ವರವನ್ನ ನುಂಗೋ ಜಾಗ) ಇರಬಹುದು, ಏರುಪೇರಾದ ಫ್ರೆಟ್ಟೂ ಇರಬಹುದು. ಫ್ರೆಟ್ ಆದ್ರೆ ಲೆವೆಲ್ ಮಾಡಿಸಬಹುದು. ಡೆಡ್ ಸ್ಪಾಟ್ ಆದ್ರೆ ನೀವು ಮಾಡೋಕೆ ಏನೂ ಇಲ್ಲ.

ಆಕ್ಷನ್, ಅಂದ್ರೆ ಫ್ರೆಟ್ಟಿಂದ ಸ್ಟ್ರಿಂಗ್ ಎಷ್ಟು ಎತ್ತರದಲ್ಲಿದೆ ಅನ್ನೋದನ್ನ ಅಳೀರಿ. 12ನೇ ಫ್ರೆಟ್ಟಿನ ನೆತ್ತಿಯಿಂದ ಸ್ಟ್ರಿಂಗ್ ತಳದವರೆಗೆ, ಆರನೇ ಸ್ಟ್ರಿಂಗಿಗೆ ಸುಮಾರು 2.4 ಮಿ.ಮೀ., ಮೊದಲನೇದಕ್ಕೆ 1.8 ಇದ್ರೆ ಆರಾಮ. 3 ದಾಟಿದ್ರೆ ಬಾರ್ ಕಾರ್ಡಲ್ಲಿ (ಒಂದೇ ಬೆರಳಲ್ಲಿ ಎಲ್ಲಾ ಸ್ಟ್ರಿಂಗ್ ಒತ್ತೋ ಕಾರ್ಡ್) ಕೈ ನೋಯತ್ತೆ. ಜಾಸ್ತಿ ಇದೆ ಅಂತ ಗಾಬರಿ ಬೇಡ, ಆದ್ರೆ ಸ್ಯಾಡಲ್ (ಸ್ಟ್ರಿಂಗ್ ಕೂರೋ ಸಣ್ಣ ಪಟ್ಟಿ) ಬ್ರಿಡ್ಜಿನ ಮೇಲೆ ಎಷ್ಟು ಎದ್ದಿದೆ ನೋಡಿ. ಎತ್ತರ 3 ಮಿ.ಮೀ. ಇದ್ರೆ ಇಳಿಸೋಕೆ ಜಾಗ ಇದೆ. ಈಗಲೇ ಒಂದೂವರೆ ಮಿ.ಮೀ. ಮಾತ್ರ ಉಳಿದಿದ್ದು ಆಕ್ಷನ್ ಇನ್ನೂ ಜಾಸ್ತಿ ಅಂದ್ರೆ ನೆಕ್ ಕೋನವೇ ಸರಿ ಇಲ್ಲ, ಬಿಟ್ಟು ಬನ್ನಿ. ಲೆಕ್ಕ ಗೊತ್ತಿರಲಿ: 12ನೇ ಫ್ರೆಟ್ಟಲ್ಲಿ 0.4 ಇಳಿಸಬೇಕಾದ್ರೆ ಸ್ಯಾಡಲ್ಲಿಂದ 0.8 ಉಜ್ಜಬೇಕು, ಅಂದ್ರೆ ಎರಡು ಪಟ್ಟು.

ಇಲ್ಲೇ ಒಂದು ಎಚ್ಚರಿಕೆ. ಇಂಥ ಗಿಟಾರುಗಳಲ್ಲಿ ಬಹಳಷ್ಟಕ್ಕೆ ಪಿಯೆಜೊ ಪಿಕಪ್ (ಅದುರನ್ನ ವಿದ್ಯುತ್ ಸಿಗ್ನಲ್ ಮಾಡೋ ಪಟ್ಟಿ) ಸ್ಯಾಡಲ್ ಕೆಳಗೇ ಇರತ್ತೆ. ಸ್ಯಾಡಲ್ ತಳ ಉಜ್ಜೋವಾಗ ಒಂದು ಕೂದಲೆಳೆ ಡೊಂಕಾದ್ರೂ ಒಂದು ಸ್ಟ್ರಿಂಗ್ ಪಿಕಪ್ಪಿಗೆ ಸರಿಯಾಗಿ ಒತ್ತಲ್ಲ. ಎಫೆಕ್ಟ್ ಇಲ್ಲದೆ ನುಡಿಸಿದಾಗ ಎಲ್ಲಾ ಸಮ ಕೇಳತ್ತೆ, ಎಫೆಕ್ಟ್ ಹಾಕಿದ ತಕ್ಷಣ ಆ ಸ್ಟ್ರಿಂಗಿಗೆ ಮಾತ್ರ ರಿವರ್ಬೇ ಇಲ್ಲ ಅನ್ಸತ್ತೆ. ಆಮೇಲೆ "ಪ್ರಿಆಂಪ್ (ಪಿಕಪ್ ಸಿಗ್ನಲ್ ಹೆಚ್ಚಿಸೋ ಸರ್ಕ್ಯೂಟ್) ಹಾಳಾಗಿದೆ" ಅಂತ ಇಲ್ಲಿ ಪೋಸ್ಟ್ ಹಾಕ್ತಾರೆ. ಗಾಜಿನ ಮೇಲೆ 400 ಗ್ರಿಟ್ ಪೇಪರ್ ಅಂಟಿಸಿ, ಸ್ಯಾಡಲನ್ನ ನೆಟ್ಟಗೆ ಹಿಡಿದು ಒಂದೇ ದಿಕ್ಕಿಗೆ ಎಳೀರಿ. ಕೈಯಲ್ಲಿ ಹಿಡಿದು ಫೈಲಲ್ಲಿ ಉಜ್ಜಬೇಡಿ.

ಈಗ ಎಫೆಕ್ಟ್ ವಿಷಯ. ಎಲ್ಲಾ ಬ್ರಾಂಡಿನ ತತ್ವವೂ ಹೆಚ್ಚುಕಮ್ಮಿ ಒಂದೇ. ಪಿಕಪ್ ಸ್ಟ್ರಿಂಗಿನ ಅದುರನ್ನ ಹಿಡಿಯತ್ತೆ, ಚಿಪ್ ಅದಕ್ಕೆ ರಿವರ್ಬೋ ಕೋರಸ್ಸೋ ಸೇರಿಸತ್ತೆ, ಒಳಗಡೆ ಬ್ಯಾಕಿಗೆ (ಹಿಂದಿನ ಹಲಗೆಗೆ) ಕೂರಿಸಿದ ಆಕ್ಚುಯೇಟರ್ ಅದನ್ನ ಮತ್ತೆ ಬಾಡಿಗೆ ಕೊಟ್ಟು ಅದುರಿಸತ್ತೆ. ಸ್ಪೀಕರಿಂದ ಕಾಗದದ ಕೋನ್ ತೆಗೆದು, ಆ ಜಾಗಕ್ಕೆ ಗಿಟಾರಿನ ಬ್ಯಾಕ್ ಇಟ್ಟಿದ್ದಾರೆ ಅಂದ್ಕೊಳ್ಳಿ. ಆ ಸದ್ದು ಸೌಂಡ್‌ಹೋಲಿಂದ ಹೊರಗೆ ಬಂದು ಸ್ಟ್ರಿಂಗ್ ಸದ್ದಿನ ಜೊತೆ ಸೇರತ್ತೆ. ಆಂಪ್ ಬೇಡ, ಕೇಬಲ್ ಬೇಡ.

ಇದರಲ್ಲೇ ಇದರ ಮಿತಿಯೂ ಇದೆ. ಬಾಡಿ ಅದುರಿದ್ರೆ ಸ್ಯಾಡಲ್ಲೂ ಅದುರತ್ತೆ, ಪಿಕಪ್ ಅದನ್ನೂ ಹಿಡಿದು ಮತ್ತೆ ಚಿಪ್ಪಿಗೆ ಕಳಿಸತ್ತೆ. ಸುತ್ತು ಪೂರ್ತಿ ಆಯ್ತು ಅಂದ್ರೆ ಫೀಡ್‌ಬ್ಯಾಕ್. ಡ್ರೆಡ್‌ನಾಟ್ ಗಾತ್ರದ (ಅಗಲವಾದ ದೊಡ್ಡ) ಬಾಡಿಯೊಳಗಿನ ಗಾಳಿ ಸುಮಾರು 100 ಹರ್ಟ್ಸ್ ಆಸುಪಾಸಲ್ಲಿ ಜೋರಾಗಿ ಅನುರಣಿಸತ್ತೆ. ಆರನೇ ಸ್ಟ್ರಿಂಗಿನ 3ನೇ ಫ್ರೆಟ್ಟಿನ ಜಿ 98 ಹರ್ಟ್ಸ್, ಐದನೇ ಸ್ಟ್ರಿಂಗ್ ಓಪನ್ ಎ 110. ಹಾಗಾಗಿ ಟೆಸ್ಟ್ ಮಾಡೋವಾಗ ಎಫೆಕ್ಟ್ ಲೆವೆಲ್ ಪೂರ್ತಿ ಇಟ್ಟು ಇವೆರಡನ್ನೇ ಬಲವಾಗಿ ಹೊಡೆದು ಬಿಡಿ. ಸ್ವರ ತಾನಾಗಿ ಇಳೀಬೇಕು. ಇಳಿಯೋ ಬದಲು "ಹೂಂ..." ಅಂತ ನಿಂತುಬಿಟ್ರೆ, ಆ ಗಿಟಾರಲ್ಲಿ ನಿಮಗೆ ನಿಜವಾಗಿ ಸಿಗೋದು ಅರ್ಧ ಲೆವೆಲ್ ಮಾತ್ರ. ಅಂಗಡಿಯವರು ತೋರಿಸೋವಾಗ ತೆಳುವಾದ ಮೊದಲ ಮೂರು ಸ್ಟ್ರಿಂಗಲ್ಲೇ ಆರ್ಪೆಜಿಯೊ ನುಡಿಸ್ತಾರೆ, ಗಮನಿಸಿ.

ಹಿಡಿಯೋ ರೀತಿಯಿಂದಲೂ ವ್ಯತ್ಯಾಸ ಆಗತ್ತೆ. ಬ್ಯಾಕನ್ನ ಹೊಟ್ಟೆಗೆ ಒತ್ತಿ ಹಿಡಿದ್ರೆ ಅದು ಸರಿಯಾಗಿ ಅದುರಲ್ಲ, ರಿವರ್ಬ್ ಕಮ್ಮಿ ಆಗತ್ತೆ. ಕೆಳಭಾಗದ ಅಂಚು ಮಾತ್ರ ಮೈಗೆ ತಾಗೋ ಹಾಗೆ ಸ್ವಲ್ಪ ಓರೆ ಹಿಡೀರಿ. "ಮನೆಗೆ ತಂದ ಮೇಲೆ ಸೌಂಡ್ ಕಮ್ಮಿ ಆಯ್ತು" ಅನ್ನೋ ದೂರುಗಳಲ್ಲಿ ಅರ್ಧ ಇದೇ.

ಇನ್ನೊಂದು ಟೆಸ್ಟ್: ರಿವರ್ಬ್ ಹಾಕಿ, ಸ್ಟ್ರಿಂಗನ್ನ ಅಂಗೈಯಿಂದ ಮ್ಯೂಟ್ ಮಾಡಿ, ಟಾಪಿನ (ಮುಂದಿನ ಹಲಗೆಯ) ಮೇಲೆ ಬೆರಳಲ್ಲಿ ಒಂದ್ಸಲ ತಟ್ಟಿ. ರಿವರ್ಬಿನ ಬಾಲ ಮಾತ್ರ ಕೇಳತ್ತೆ. ಅದು ನಯವಾಗಿ ಆರಬೇಕು. ತಗಡು ಅಲ್ಲಾಡಿಸಿದ ಥರ "ಝರ್" ಅಂದ್ರೆ ಒಂದೋ ರಿವರ್ಬ್ ಕಳಪೆ, ಇಲ್ಲಾ ಒಳಗೆ ಏನೋ ಸಡಿಲ ಇದೆ. ಬ್ಯಾಟರಿ ಡಬ್ಬಿಯ ಮುಚ್ಚಳ, ಜ್ಯಾಕಿನ ನಟ್, ಟ್ಯೂನಿಂಗ್ ಕೀಗಳ ನಟ್, ಟಾಪಿಗೆ ತಾಗ್ತಿರೋ ವೈರು, ಇವನ್ನ ಒಂದೊಂದಾಗಿ ಬೆರಳಲ್ಲಿ ಒತ್ತಿ ಹಿಡಿದು ಮತ್ತೆ ತಟ್ಟಿ ನೋಡಿ. ಯಾವುದನ್ನ ಒತ್ತಿದಾಗ ಝರ್ ನಿಲ್ಲತ್ತೋ ಅದೇ ಕಳ್ಳ.

ಬ್ರಾಂಡ್ ಕೇಳಿದ್ದೀರಿ. ಯಮಹಾ ಟ್ರಾನ್ಸ್‌ಅಕೂಸ್ಟಿಕ್ ಸರಣಿಯಲ್ಲಿ ಎಫ್‌ಜಿ-ಟಿಎ, ಎಫ್‌ಎಸ್-ಟಿಎ ಇವಕ್ಕೆ ರಿವರ್ಬ್, ಕೋರಸ್ ಎರಡೇ. ಮೂರು ನಾಬ್, ಎರಡು ಎಎ ಸೆಲ್, ಕತೆ ಮುಗೀತು. "ಬರೀ ಎರಡೇ ಎಫೆಕ್ಟಾ" ಅಂತ ಮೂಗು ಮುರಿಯೋರಿಗೆ ಹೇಳ್ತೀನಿ, ಮನೆಯಲ್ಲಿ ಕೂತು ನುಡಿಸೋರು ವರ್ಷಪೂರ್ತಿ ಬಳಸೋದು ರಿವರ್ಬ್ ಒಂದನ್ನೇ. ಎಫೆಕ್ಟ್ ಆಫ್ ಮಾಡಿದ್ರೆ ಅದು ಸಾಲಿಡ್ ಸ್ಪ್ರೂಸ್ ಟಾಪ್ ಇರೋ ಒಂದು ಗಿಟಾರ್, ಸೆಲ್ ಸತ್ರೂ ಗಿಟಾರ್ ಸಾಯಲ್ಲ. ಡಿಲೇ (ಸ್ವರವನ್ನ ತಡವಾಗಿ ಪ್ರತಿಧ್ವನಿಸೋದು), ಲೂಪರ್ ಬೇಕೇ ಬೇಕು ಅಂದ್ರೆ ಅದೇ ಕಂಪನಿಯ ಟಿಎಜಿ3 ಸಿ ನೋಡಿ, ಅದಕ್ಕೆ ಚಾರ್ಜ್ ಮಾಡೋ ಬ್ಯಾಟರಿ. ಸಣ್ಣ ಕೈ ಇದ್ರೆ, ಪ್ರಯಾಣಕ್ಕೆ ಬೇಕಿದ್ರೆ ಸಿಎಸ್‌ಎಫ್-ಟಿಎ ಇದೆ, ಚಿಕ್ಕ ಪಾರ್ಲರ್ ಬಾಡಿ. ಆದ್ರೆ ಅದರ ಬಾಸ್‌ನಿಂದ ಡ್ರೆಡ್‌ನಾಟ್ ನಿರೀಕ್ಷೆ ಮಾಡಬೇಡಿ.

ಲಾವಾ ಮಿ 3, ಕಾರ್ಬನ್ ಫೈಬರ್, ಟಚ್‌ಸ್ಕ್ರೀನ್. ತೇವ, ಒಣಹವೆ ಯಾವುದಕ್ಕೂ ಬಾಗಲ್ಲ, ಅದು ನಿಜವಾದ ಲಾಭ. ಸದ್ದಿನಲ್ಲಿ ಮರದ ಬೆಚ್ಚಗಿರೋ ಗುಣ ಕಮ್ಮಿ ಅನ್ನೋದು ನನ್ನ ಅಭಿಪ್ರಾಯ, ನಿಮ್ಮ ಕಿವಿ ಬೇರೆ ಹೇಳಬಹುದು. ಕಾರ್ಬನ್ ಗಿಟಾರ್ ಯಾವುದೇ ಇರಲಿ, ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಮಾಡೋಕೆ ಒಳಗೆ ಇರೋ ಲೋಹದ ಕೋಲು) ಇದೆಯಾ ಅಂತ ಮೊದಲೇ ಕೇಳಿ. ಕೆಲವಕ್ಕೆ ಇರೋದೇ ಇಲ್ಲ. ಸ್ಟ್ರಿಂಗ್ ಗೇಜ್ (ದಪ್ಪ) ಬದಲಾಯಿಸಿದಾಗ ನೆಕ್ ರಿಲೀಫ್ (ನೆಕ್ಕಿಗೆ ಬೇಕಾದ ಸಣ್ಣ ಬಾಗು) ಸರಿಮಾಡೋಕೆ ದಾರಿ ಇರಲ್ಲ. ಸ್ಕ್ರೀನ್ ಇರೋ ಗಿಟಾರಲ್ಲಿ ಇನ್ನೊಂದು ಪ್ರಶ್ನೆ: ಹತ್ತು ವರ್ಷ ಆದಮೇಲೆ ಆ ಸ್ಕ್ರೀನು, ಆ ಲಿಥಿಯಂ ಬ್ಯಾಟರಿ ಸಿಗತ್ತಾ? ಒಳ್ಳೆ ಗಿಟಾರ್ ಮೂವತ್ತು ವರ್ಷ ಬಾಳತ್ತೆ, ಬ್ಯಾಟರಿ ಅಷ್ಟು ಬಾಳಲ್ಲ. ಬ್ಯಾಟರಿ ಬಿಚ್ಚಿ ಬದಲಾಯಿಸೋ ಹಾಗಿದೆಯಾ ಅಂತ ಲಿಖಿತವಾಗಿ ಕೇಳಿ.

ಹೆಸರೇ ಕೇಳಿರದ ಬ್ರಾಂಡಲ್ಲಿ "16 ಎಫೆಕ್ಟ್" ಅಂತ ಬರೆದಿದ್ರೆ ಅದರ ಹತ್ತಿರವೂ ಹೋಗಬೇಡಿ. ಪ್ರತಿಯೊಂದಕ್ಕೂ ಬೇರೆ ಬೇರೆ ಲೆವೆಲ್ ನಾಬ್ ಇರೋ ಎರಡು ಎಫೆಕ್ಟ್, ಆನ್-ಆಫ್ ಮಾತ್ರ ಇರೋ ಹದಿನಾರಕ್ಕಿಂತ ಎಷ್ಟೋ ಮೇಲು.

ಈಗಾಗಲೇ ಒಳ್ಳೆ ಗಿಟಾರ್ ಇದ್ರೆ ಹೊಸದು ಯಾಕೆ? ಟೋನ್‌ವುಡ್‌ಆಂಪ್ ಥರದ್ದು ಬ್ಯಾಕಿಗೆ ಮ್ಯಾಗ್ನೆಟ್ಟಲ್ಲಿ ಅಂಟತ್ತೆ. ಒಳಗಡೆ ಎಕ್ಸ್ ಆಕಾರದ ಪಟ್ಟಿ, ಹೊರಗಡೆ ಪೆಟ್ಟಿಗೆ. ಗಿಟಾರ್ ಬದಲಾಯಿಸಿದ್ರೂ ಅದು ನಿಮ್ಮ ಜೊತೆ ಬರತ್ತೆ. ಆದ್ರೆ ಗಿಟಾರಲ್ಲಿ ಪಿಕಪ್ ಇರಲೇಬೇಕು, ಇದನ್ನ ಮರೆತು ತರಿಸಿ ಆಮೇಲೆ ತಲೆ ಚಚ್ಚಿಕೊಳ್ಳೋರು ಇದ್ದಾರೆ. ಸ್ಟ್ರಿಂಗ್ ಸಡಿಲ ಮಾಡಿ ಕೈ ಒಳಗೆ ಹಾಕಿ, ಪಟ್ಟಿ ಬ್ರೇಸ್ (ಹಲಗೆಗೆ ಒಳಗಿಂದ ಅಂಟಿಸಿದ ಆಧಾರದ ಮರ) ಮೇಲೆ ಹತ್ತದ ಹಾಗೆ ಕೂರಿಸಿ. ಬ್ರೇಸ್ ಮೇಲೆ ಕೂತ್ರೆ ಮ್ಯಾಗ್ನೆಟ್ ಹಿಡಿತ ಕಮ್ಮಿ, ಸದ್ದೂ ಕಮ್ಮಿ.

ಸ್ಟೇಜಲ್ಲಿ ನುಡಿಸೋ ಆಸೆ ಇದೆ ಅಂದಿದ್ದೀರಿ. ಹಾಗಾದ್ರೆ ಲೈನ್ ಔಟಿಗೆ (ಆಂಪಿಗೆ ಸಿಗ್ನಲ್ ಕೊಡೋ ಜ್ಯಾಕಿಗೆ) ಕೇಬಲ್ ಹಾಕಿ, ಆಂಪಲ್ಲಿ ಎಫೆಕ್ಟ್ ಆಫ್ ಮಾಡಿ ಪಿಕಪ್ಪಿನ ಬರೀ ಸದ್ದನ್ನ ಕೇಳಿ. ಪಿಯೆಜೊ ಬಲವಾಗಿ ಹೊಡೆದಾಗ "ಕ್ವಾಕ್" ಅನ್ನೋದು ಸಹಜ, ಆಂಪಲ್ಲಿ 1ರಿಂದ 3 ಕಿಲೋಹರ್ಟ್ಸ್ ಸ್ವಲ್ಪ ಇಳಿಸಿದ್ರೆ ಸಹಿಸಬಹುದು. ಕೇಳಬೇಕಾದ ಪ್ರಶ್ನೆ: ಗಿಟಾರಿನ ಎಫೆಕ್ಟ್ ಲೈನ್ ಔಟಿಗೂ ಹೋಗತ್ತಾ, ಹೋದ್ರೆ ಅದನ್ನ ಬೇರೆಯಾಗಿ ನಿಲ್ಲಿಸಬಹುದಾ? ಸೌಂಡ್ ಎಂಜಿನಿಯರ್ ತನ್ನ ರಿವರ್ಬ್ ಹಾಕ್ತಾರೆ, ನಿಮ್ಮ ರಿವರ್ಬ್ ಅದರ ಮೇಲೆ ಬಂದ್ರೆ ಮಾತು, ಸ್ವರ ಎಲ್ಲಾ ಕೆಸರು. ಫೀಡ್‌ಬ್ಯಾಕ್ ತಡೆಯೋಕೆ ಸೌಂಡ್‌ಹೋಲಿಗೆ ರಬ್ಬರ್ ಮುಚ್ಚಳ ಹಾಕೋರಿಗೆ ಒಂದು ಮಾತು: ಸ್ಟೇಜಲ್ಲಿ ಅದು ಸರಿ, ಆದ್ರೆ ಅದು ಇರೋವಾಗ ಆಕ್ಚುಯೇಟರಿನ ಸದ್ದು ಅಷ್ಟಾಗಿ ಹೊರಗೆ ಬರಲ್ಲ. ಮನೆಗೆ ಬಂದು ತೆಗೀರಿ.

ಬ್ಲೂಟೂತ್ ಇದೆ ಅಂತ ಖುಷಿ ಪಡ್ತಿದ್ದೀರಿ. ಫೋನಿಂದ ಟ್ರ್ಯಾಕ್ ಹಾಕಿ ಗಿಟಾರ್ ಬಾಡಿಯಿಂದಲೇ ಕೇಳಿಸಿಕೊಂಡು ಜೊತೆಗೆ ನುಡಿಸೋಕೆ ಚೆನ್ನಾಗಿದೆ. ಗಿಟಾರಿನ ಸದ್ದನ್ನೇ ಬ್ಲೂಟೂತ್ ಇಯರ್‌ಫೋನಲ್ಲಿ ಕೇಳ್ತೀನಿ ಅಂದ್ರೆ ಆಗಲ್ಲ. 100 ಮಿಲಿಸೆಕೆಂಡಿಗಿಂತ ಜಾಸ್ತಿ ತಡ ಬರೋದು ಮಾಮೂಲು, ತಾಳ ಕೆಡತ್ತೆ. ವೈರ್ ಇರೋ ಹೆಡ್‌ಫೋನೇ ಬೇಕು.

ಸ್ಟ್ರಿಂಗ್ ಬಗ್ಗೆ: 12-53 ಸೆಟ್ಟಿಂದ (ತೀರಾ ತೆಳು ಮತ್ತು ತೀರಾ ದಪ್ಪ ಸ್ಟ್ರಿಂಗಿನ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ) 11-52ಕ್ಕೆ ಇಳಿದ್ರೆ ಕೈಗೆ ಹಗುರ, ಟಾಪಿಗೆ ತಲುಪೋ ಶಕ್ತಿ ಸ್ವಲ್ಪ ಕಮ್ಮಿ. ಗೇಜ್ ಬದಲಾಯಿಸಿದ ಮೇಲೆ ನೆಕ್ ರಿಲೀಫ್ ಮತ್ತೆ ನೋಡಿ. 1ನೇ ಫ್ರೆಟ್ಟಲ್ಲೂ ಬಾಡಿ ಸೇರೋ ಫ್ರೆಟ್ಟಲ್ಲೂ ಆರನೇ ಸ್ಟ್ರಿಂಗ್ ಒತ್ತಿ ಹಿಡಿದು, 7ನೇ ಫ್ರೆಟ್ ಮೇಲೆ 0.2 ಮಿ.ಮೀ. ಹತ್ತಿರ ಸಂದು ಇರಬೇಕು. ಟ್ರಸ್ ರಾಡ್ ತಿರುಗಿಸೋದಾದ್ರೆ ಒಂದ್ಸಲಕ್ಕೆ ಕಾಲು ಸುತ್ತು, ಬಿಗಿ ಅನ್ನಿಸಿದ್ರೆ ಅಲ್ಲೇ ನಿಲ್ಲಿಸಿ.

ಬ್ಯಾಟರಿ ವಿಷಯದಲ್ಲಿ ಸೋಮಾರಿತನ ಬೇಡ. ಬಹುಪಾಲು ಪ್ರಿಆಂಪ್‌ಗಳು ಕೇಬಲ್ ಚುಚ್ಚಿದ ತಕ್ಷಣ ಆನ್ ಆಗ್ತವೆ, ಕೇಬಲ್ ಹಾಗೇ ಬಿಟ್ರೆ ರಾತ್ರಿಯಿಡೀ ಸೆಲ್ ಕರಗತ್ತೆ. ಜ್ಯಾಕಿಗೆ ಸ್ಟೀರಿಯೊ ಕೇಬಲ್ ಹಾಕಿದ್ರೆ ಎಷ್ಟೋ ಗಿಟಾರ್ ಆನೇ ಆಗಲ್ಲ, ಮೋನೊ ಬೇಕು. ಎಎ ಸೆಲ್ ಹಾಕೋದಾದ್ರೆ ಎರಡೂ ಒಟ್ಟಿಗೆ ಬದಲಾಯಿಸಿ, ಹಳೇದು ಹೊಸದು ಸೇರಿಸಬೇಡಿ. ರೀಚಾರ್ಜ್ ಸೆಲ್ 1.2 ವೋಲ್ಟ್, ಹಾಗಾಗಿ ಬ್ಯಾಟರಿ ದೀಪ ಬೇಗ ಎಚ್ಚರಿಸಿದ್ರೆ ಗಾಬರಿ ಆಗಬೇಡಿ. ತಿಂಗಳು ನುಡಿಸಲ್ಲ ಅಂದ್ರೆ ಸೆಲ್ ತೆಗೆದಿಡಿ, ಅಲ್ಕಲೈನ್ ಸೋರಿದ್ರೆ ಡಬ್ಬಿಯ ತಾಮ್ರದ ಪಟ್ಟಿ ಹಸಿರು ಕಟ್ಟತ್ತೆ. ಲಿಥಿಯಂ ಇರೋದನ್ನ ಪೂರ್ತಿ ಖಾಲಿ ಮಾಡಿ ಮೂಲೆಗೆ ಇಡಬೇಡಿ, ಅರ್ಧ ಚಾರ್ಜಲ್ಲಿ ಇಡಿ. ಚಾರ್ಜರ್ ಚುಚ್ಚಿಕೊಂಡೇ ಆಂಪಿಗೂ ಕೊಟ್ಟು "ಗುಂಯ್ ಅನ್ನತ್ತೆ" ಅಂತ ಕೇಳೋರು ಮೊದಲು ಚಾರ್ಜರ್ ತೆಗೆದು ನೋಡಿ.

ಕೊನೆಗೆ ಜ್ಯಾಕಿನ ನಟ್. ಅದು ಸಡಿಲಾಗಿದ್ರೆ ಹೊರಗಿಂದ ಸುಮ್ಮನೆ ಸ್ಪ್ಯಾನರ್ ಹಾಕಿ ತಿರುಗಿಸಬೇಡಿ, ಒಳಗೆ ಜ್ಯಾಕ್ ಪೂರ್ತಿ ತಿರುಗಿ ಬೆಸುಗೆ ಕಿತ್ತು ಬರತ್ತೆ. ಸೌಂಡ್‌ಹೋಲಿಂದ ಕೈ ಹಾಕಿ ಜ್ಯಾಕನ್ನ ಗಟ್ಟಿಯಾಗಿ ಹಿಡ್ಕೊಂಡು ಆಮೇಲೆ ನಟ್ ಬಿಗಿ ಮಾಡಿ. ನಾಳೆ ಅಂಗಡಿಗೆ ಹೋಗೋವಾಗ ಟ್ಯೂನರ್ ಕ್ಲಿಪ್, ಅರ್ಧ ಮಿ.ಮೀ. ಗೆರೆ ಇರೋ ಸ್ಟೀಲ್ ಸ್ಕೇಲು, ಒಂದು ಮೋನೊ ಕೇಬಲ್ ಜೇಬಲ್ಲಿಟ್ಕೊಳ್ಳಿ. ಎರಡೂ ಗಿಟಾರಿನ ಡ್ರೈ ರೆಕಾರ್ಡಿಂಗ್ ಫೋನಲ್ಲಿ ಮಾಡಿ, ಯಾವುದು ಯಾವುದು ಅಂತ ಹೇಳದೆ ಇಲ್ಲೇ ಹಾಕಿ.