ಅಯ್ಯನವರ ಡೈರಿ

(ಪ್ರಕರಣದ ವ್ಯಕ್ತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಬಂದವರು ಕರಾವಳಿಯ ಸಣ್ಣ ಪಟ್ಟಣವೊಂದರ ಪ್ರಾಟೆಸ್ಟಂಟ್ ಸಭಾಪಾಲಕರು, ಅಂದರೆ ಚರ್ಚಿನ ಪಾದ್ರಿ. ವಯಸ್ಸು ಐವತ್ತೇಳು. ಸಭೆಯವರಂತೆ ನಾನೂ ಅವರನ್ನು ಅಯ್ಯನವರು ಎಂದೇ ಕರೆಯುತ್ತೇನೆ. ಶನಿವಾರ ರಾತ್ರಿ ನಿದ್ದೆ ಇಲ್ಲ, ಭಾನುವಾರ ಬೆಳಿಗ್ಗೆ ಎದೆ ಹಿಂಡುತ್ತದೆ. ಹೃದಯದ ಪರೀಕ್ಷೆಗಳಲ್ಲಿ ಏನೂ ಕಾಣದ್ದರಿಂದ ವೈದ್ಯರು ಆಪ್ತಸಲಹೆಗೆಂದು ನನ್ನ ಬಳಿ ಕಳುಹಿಸಿದ್ದರು.

ಮೊದಲ ಭೇಟಿಯಲ್ಲಿ ತಮ್ಮ ವಿಚಾರಕ್ಕಿಂತ ಪ್ರೊಜೆಕ್ಟರ್ ವಿಚಾರವನ್ನೇ ಹೆಚ್ಚು ಹೇಳಿದರು. ಯುವಜನರಿಗೆ ಹಾಡಿನ ಸಾಲುಗಳು ಪರದೆಯ ಮೇಲೆ ಬರಬೇಕು, ಗಿಟಾರ್ ಬೇಕು. ಹಿರಿಯರಿಗೆ ಹಳೆಯ ಗೀತೆಪುಸ್ತಕವೂ ಅದರ ಜರ್ಮನ್ ರಾಗಗಳೂ ಇಲ್ಲದಿದ್ದರೆ ಅದು ಆರಾಧನೆಯೇ ಅಲ್ಲ. ಸಮಿತಿ ಮೂರು ಸಲ ಸೇರಿ ಮೂರು ಸಲವೂ ಜಗಳವಾಡಿ ಎದ್ದಿತ್ತು. “ಹಳಬರು ತೀರಿಹೋಗುತ್ತಿದ್ದಾರೆ, ಹೊಸಬರು ಬೆಂಗಳೂರು, ದುಬೈ ಸೇರಿದರು. ಈ ಕಾಲಕ್ಕೆ ಸಭೆ ಯಾಕೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ ಮೇಡಂ.”

ಮಾತಿನ ನಡುವೆ ಜೇಬಿನಿಂದ ಒಂದು ಪುಟ್ಟ ಡೈರಿ ತೆಗೆದರು. ಪ್ರತಿ ಭಾನುವಾರದ ಎದುರು ಕೆಂಪು ಶಾಯಿಯಲ್ಲಿ ಒಂದು ಅಂಕಿ: 61, 54, 58, 43. ಎರಡನೆಯ ಗೀತೆಯ ಹೊತ್ತಿಗೆ ತಲೆ ಎಣಿಸುತ್ತಾರಂತೆ. ಬಾಯಿ ಹಾಡುತ್ತಿರುತ್ತದೆ, ಕಣ್ಣು ಬೆಂಚುಗಳ ಮೇಲೆ ಓಡುತ್ತಿರುತ್ತದೆ. ಎದೆ ಹಿಂಡುವುದೂ ಆಗಲೇ.

ಕಡಿಮೆಯಾದವರು ಯಾರು ಎಂದು ಕೇಳಿದೆ. ಸತ್ತವರು, ಊರು ಬಿಟ್ಟವರು ಎಂದು ಬೆರಳು ಮಡಚಿ ಹೇಳುತ್ತಾ ಹೋದರು. ಆರು ಮಂದಿ ಉಳಿದರು. ಊರಲ್ಲೇ ಇದ್ದಾರೆ, ಬರುವುದಿಲ್ಲ, ಕಾರಣ ಗೊತ್ತಿಲ್ಲ. “ಹೋಗಿ ಕೇಳಬಹುದಿತ್ತಲ್ಲ?” “ಆರಾಧನೆಗೆ ಕರೆಯಲು ಬಂದ ಎಂದುಕೊಳ್ಳುತ್ತಾರೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಂಗಳೂರಿನಲ್ಲಿರುವ ತಮ್ಮ ಮಗನೇ ಮೂರು ವರ್ಷದಿಂದ ಯಾವ ಸಭೆಗೂ ಹೋಗುತ್ತಿಲ್ಲ ಎಂದರು. ಊರಿನವರು ಕೇಳಿದರೆ ಮಗನಿಗೆ ರಾತ್ರಿ ಪಾಳಿ ಎಂದು ಹೇಳುತ್ತಾರಂತೆ.

ನನ್ನ ಮೊದಲ ಸಲಹೆ: ಆರು ಭಾನುವಾರ ಎಣಿಸಬೇಡಿ. ಎರಡನೆಯದು: ಆ ಆರು ಮನೆಗಳಿಗೆ ಹೋಗಿ, ಬನ್ನಿ ಎನ್ನಬೇಡಿ, ಏನಾಯಿತು ಎಂದಷ್ಟೇ ಕೇಳಿ. ಬೈಬಲನ್ನು ಕಂಕುಳಲ್ಲಿಟ್ಟುಕೊಂಡು ಹೋಗಬೇಡಿ ಎಂದಾಗ ಅವರ ಮುಖ ಗಂಟಿಕ್ಕಿತು. ಕ್ರೈಸ್ತಳಲ್ಲದ ನಾನು ಹಾಗೆ ಹೇಳಿದ್ದು ಅಧಿಕಪ್ರಸಂಗ ಎಂದು ನನಗೂ ಅನ್ನಿಸಿತ್ತು. ಕೊನೆಗೆ ಅದು ಸ್ಕೂಟರಿನ ಡಿಕ್ಕಿಯಲ್ಲಿರಲಿ ಎಂದು ಒಪ್ಪಂದವಾಯಿತು.

ಎರಡನೆಯ ಮನೆಯಲ್ಲಿ ಸಿಕ್ಕವಳು ಇಪ್ಪತ್ತಾರರ ಯುವತಿ. ಅವಳ ಅಣ್ಣ ಆತ್ಮಹತ್ಯೆ ಮಾಡಿಕೊಂಡಿದ್ದ. ಶವಸಂಸ್ಕಾರ ಕ್ರಮವಾಗಿಯೇ ನಡೆದಿತ್ತು, ಆಮೇಲೆ ಸಭೆಯಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ. ಒಂದು ತಿಂಗಳ ಬಳಿಕ ಅಯ್ಯನವರ ಪ್ರಸಂಗದಲ್ಲಿ, ಅಂದರೆ ಆರಾಧನೆಯ ಬೋಧನೆಯಲ್ಲಿ, ಕೊಟ್ಟವನೇ ಜೀವ ತೆಗೆಯಬೇಕು, ಮಿಕ್ಕದ್ದೆಲ್ಲ ದ್ರೋಹ ಎಂಬ ಒಂದು ಮಾತು ಬಂತು. ಆಡಿದವರಿಗೆ ನೆನಪಿರಲಿಲ್ಲ. ಅವಳು ತಾರೀಕು ಸಮೇತ ಹೇಳಿದಳು. ಆ ದಿನ ಪ್ರೊಜೆಕ್ಟರ್ ಇದ್ದಿದ್ದರೆ ಆ ಮಾತು ದೊಡ್ಡ ಅಕ್ಷರದಲ್ಲಿ ಕಾಣುತ್ತಿತ್ತು, ಅಷ್ಟೇ.

ಮೂರನೆಯ ಭೇಟಿಗೆ ಅಯ್ಯನವರು ಕುಗ್ಗಿ ಬಂದರು. ಅಪರಾಧಭಾವವನ್ನು ಕೆದಕುತ್ತಾ ಕೂರುವ ಬದಲು ಅವರಿಗೆ ಇಷ್ಟವಾದ ಚರಿತ್ರೆಯ ಕಡೆಗೆ ಮಾತು ತಿರುಗಿಸಿದೆ. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಧರ್ಮ ಬದಲಿಸಿದವರಿಗೆ ಕುಲಕಸುಬು ತಪ್ಪಿತು, ನಂಟರು ದೂರವಾದರು. ಅದಕ್ಕಾಗಿ ಮಗ್ಗ ಹೂಡಿದರು, ಮುದ್ರಣಾಲಯ ತೆರೆದರು, 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. “ಆಗ ಜನ ಕಳೆದುಕೊಂಡದ್ದು ಹೊಟ್ಟೆಪಾಡು. ಈಗ ನಿಮ್ಮ ಊರಿನವರು ಕಳೆದುಕೊಂಡದ್ದೇನು?” ಉತ್ತರವಾಗಿ ಅವರು ಒಬ್ಬ ನಿವೃತ್ತ ಶಿಕ್ಷಕಿಯ ಕಥೆ ಹೇಳಿದರು. ಮಕ್ಕಳೆಲ್ಲ ಕೆನಡಾದಲ್ಲಿ. ದಿನಾ ರಾತ್ರಿ ಎಂಟಕ್ಕೆ ಇವರಿಗೆ ಫೋನ್ ಮಾಡಿ, ನಿಮ್ಮ ಕಡೆ ಮಳೆ ಬರುತ್ತಿದೆಯೇ ಎಂದು ಕೇಳುತ್ತಾರೆ. ಎರಡು ಮನೆಗಳ ನಡುವೆ ಇರುವುದು ಒಂದೇ ಗದ್ದೆ.

ಅಲ್ಲಿಂದ ಹುಟ್ಟಿದ್ದು ಬುಧವಾರದ ಸಂಜೆ. ದೇವಾಲಯದ ಪಕ್ಕದ ಕೋಣೆ ಎರಡು ಗಂಟೆ ತೆರೆದಿರುತ್ತದೆ. ಪ್ರಸಂಗವಿಲ್ಲ, ಕಾಣಿಕೆಯಿಲ್ಲ, ಚಹಾ ಇದೆ. ಯಾವ ಮತದವರೂ ಬರಬಹುದು. ಸ್ತ್ರೀ ಸಂಘದ ಇಬ್ಬರಿಗೆ ಸುಮ್ಮನೆ ಕೇಳಿಸಿಕೊಳ್ಳುವುದು ಹೇಗೆಂದು ನಾನೇ ಕಲಿಸಿದೆ. ಒಂದು ಷರತ್ತನ್ನು ಮಾತ್ರ ಬಿಗಿಯಾಗಿ ಹಾಕಿದೆ: ಅಲ್ಲಿ ಕೇಳಿದ್ದು ಪ್ರಸಂಗದ ಉದಾಹರಣೆಯಾಗಬಾರದು, ಪ್ರಾರ್ಥನೆಯ ಬೇಡಿಕೆಯೂ ಆಗಬಾರದು. “ಇಂಥವರಿಗಾಗಿ ಪ್ರಾರ್ಥಿಸಿ” ಎಂಬ ಒಳ್ಳೆಯ ಮಾತಿನ ಮರೆಯಲ್ಲೇ ಮನೆಯ ಗುಟ್ಟು ಊರಿಡೀ ಹರಡುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸಾಯುವ ಮಾತು ಯಾರ ಬಾಯಿಂದ ಬಂದರೂ ಬರೀ ಪ್ರಾರ್ಥನೆ ಮಾಡಿ ಸುಮ್ಮನಾಗಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ಎಂದೆ. ಹಗಲೂ ರಾತ್ರಿಯೂ ಉಚಿತವಾಗಿ ಸಿಗುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಗೋಡೆಗೆ ಅಂಟಿಸಿದರು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಭಾವಿಸುತ್ತದೆ. ಪ್ರಸಂಗಪೀಠ ಕಾನೂನಿಗಿಂತ ಕಠಿಣವಾಗಬೇಕೇ ಎಂದು ಕೇಳಿದೆ. ಅಯ್ಯನವರು ಅದನ್ನು ಬರೆದುಕೊಂಡರು.

ಮಗನಿಗೂ ಫೋನ್ ಮಾಡಿದರು, ಸಭೆಯ ಮಾತೆತ್ತದೆ. ಅವರಿಬ್ಬರು ಆಡಿಕೊಂಡದ್ದು ಇಲ್ಲಿ ಬೇಡ.

ಐದನೆಯ ಭೇಟಿಯ ಹೊತ್ತಿಗೆ ಶನಿವಾರದ ನಿದ್ದೆ ನಾಲ್ಕೈದು ಗಂಟೆಯಷ್ಟಾಗಿತ್ತು. ಒಂದು ಭಾನುವಾರ ತಡೆಯಲಾರದೆ ಎಣಿಸಿದೆ, 41 ಎಂದು ಒಪ್ಪಿಕೊಂಡರು. ಆ 41ರಲ್ಲಿ ಆ ಯುವತಿ ಇರಲಿಲ್ಲ. ಬುಧವಾರ ಎರಡು ಸಲ ಬಂದು, ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು, ಚಹಾ ಕುಡಿದು ಹೋಗಿದ್ದಾಳೆ. ಪ್ರೊಜೆಕ್ಟರ್ ವಿಚಾರ ಮುಂದಿನ ತಿಂಗಳ ಸಮಿತಿಗೆ ಹೋಗಿದೆ.