ರಸ್ತೆಯ ಧೂಳು, ಒಲೆಯ ಹೊಗೆ ಮತ್ತು ಉಬ್ಬಸ

ಪ್ರಶ್ನೆ: ಮಂಜೇಶ್ವರದಲ್ಲಿ ಹೆದ್ದಾರಿಗೆ ತಾಗಿಕೊಂಡಿರುವ ಮನೆ ನಮ್ಮದು. ಅಸ್ತಮಾ ಇರುವ ಅಮ್ಮನಿಗೆ ಮಳೆಗಾಲ ಮುಗಿದು ಧೂಳೇಳತೊಡಗಿದೊಡನೆ ಉಬ್ಬಸ ಹೆಚ್ಚುತ್ತದೆ. ಮೂಗಿಗೆ ಸೆರಗು ಮುಚ್ಚಿಕೊಂಡರೆ ಸಾಕೇ?

ಉತ್ತರ: ಸಾಲದು. ಕಣ್ಣಿಗೆ ಕಾಣುವ ಧೂಳು ಬಹುಮಟ್ಟಿಗೆ ಮೂಗು, ಗಂಟಲಿನಲ್ಲೇ ಉಳಿಯುತ್ತದೆ; ವಾಹನಗಳ ಹೊಗೆಯಲ್ಲಿರುವ, 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಸೆರಗಿನ ನೇಯ್ಗೆಯನ್ನು ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅಸ್ತಮಾ ಇರುವವರ ಶ್ವಾಸನಾಳಗಳಲ್ಲಿ ಮೊದಲೇ ಉರಿಯೂತವಿರುವುದರಿಂದ, ಇತರರಿಗೆ ಬರೀ ಕೆಮ್ಮು ತರಿಸುವಷ್ಟು ಹೊಗೆಯೇ ಅವರಲ್ಲಿ ನಾಳದ ಸುತ್ತಲಿನ ಸ್ನಾಯುಗಳನ್ನು ಬಿಗಿಸಿ, ಕಫವನ್ನು ಹೆಚ್ಚಿಸಿ, ಉಸಿರಿನ ದಾರಿಯನ್ನು ಕಿರಿದಾಗಿಸುತ್ತದೆ. ಹೊರಗೆ ಹೋಗಲೇಬೇಕಾದಾಗ ಮುಖಕ್ಕೆ ಸರಿಯಾಗಿ ಕೂರುವ ಎನ್‌-95 ಮಾಸ್ಕ್ ಒಳ್ಳೆಯದು. ಅದರಿಂದ ಉಸಿರು ಕಟ್ಟಿದಂತಾದರೆ ಬಲವಂತ ಬೇಡ.

ರಸ್ತೆಗಿಂತಲೂ ಮೊದಲು ನಾನು ಕೇಳಬಯಸುವುದು ನಿಮ್ಮ ಬಚ್ಚಲ ಒಲೆಯ ಬಗ್ಗೆ. ಸ್ನಾನದ ನೀರಿಗೆ ತೆಂಗಿನ ಮಡಲು, ಸಿಪ್ಪೆ ಉರಿಸುವುದು ನಮ್ಮ ಕಡೆಯ ರೂಢಿ. ಆ ಹೊಗೆಯಲ್ಲಿಯೂ ಇದೇ ಸೂಕ್ಷ್ಮ ಕಣಗಳಿವೆ. ಬೆಂಕಿ ಹಾಕುವ ಕೆಲಸವನ್ನು ದಯವಿಟ್ಟು ಅಮ್ಮನಿಗೆ ಬಿಡಬೇಡಿ. ವೈದ್ಯರು ದಿನವೂ ತೆಗೆದುಕೊಳ್ಳಲು ಹೇಳಿದ ಇನ್‌ಹೇಲರನ್ನು ಉಬ್ಬಸವಿಲ್ಲದ ದಿನಗಳಲ್ಲಿಯೂ ನಿಲ್ಲಿಸಬಾರದು. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.